ಪ್ರಸಂಗಪೀಠದಿಂದ ಪೌರಪೀಠಕ್ಕೆ

ಹೆಚ್ಚು ಕಡಿಮೆ ಒಂಬತ್ತು ವರ್ಷಗಳ ಅನಂತರ, ೨೦೨೬ರ ಜನವರಿ ೧೫ರಂದು, ನಮ್ಮ ಪಿಂಪರಿ-ಚಿಂಚವಡ ಮಹಾನಗರಪಾಲಿಕೆಗೆ ಚುನಾವಣೆ ನಡೆಯಿತು. ಹಿಂದಿನ ಪಾಲಿಕೆಯ ಅವಧಿ ೨೦೨೨ರ ಮಾರ್ಚಿನಲ್ಲಿಯೇ ತೀರಿತ್ತು. ಅಲ್ಲಿಂದ ಮುಂದೆ ನಗರಕ್ಕೆ ಮೇಯರೂ ಇರಲಿಲ್ಲ, ಸದಸ್ಯರೂ ಇರಲಿಲ್ಲ; ಎಲ್ಲವೂ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆಯುತ್ತಿತ್ತು. ಆದುದರಿಂದ ಈ ಸಲ ವಾಕಡದ ಬೀದಿಗಳಲ್ಲಿ ಉತ್ಸಾಹ ತುಸು ಹೆಚ್ಚಾಗಿಯೇ ಇತ್ತು. ಸಂಕ್ರಾಂತಿಯ ಎಳ್ಳುಬೆಲ್ಲ, ನೆರೆಯ ಮರಾಠಿ ಮನೆಗಳ ಹಳದಿ-ಕುಂಕುಮ, ಇವುಗಳ ನಡುವೆಯೇ ಮತ ಕೇಳಲು ಬಂದವರ ಕೈಮುಗಿತ, ಎಲ್ಲವೂ ಒಂದೇ ವಾರದಲ್ಲಿ ಬಂದು ಮನೆ ತುಂಬಿದವು.

ಆ ದಿನಗಳಲ್ಲಿ ನಮ್ಮ ಸಂಘದ ಹಲವು ಮನೆಗಳಲ್ಲಿ ಒಂದು ಮಾತು ಕೇಳಿಬಂತು. "ಈ ರಾಜಕಾರಣಿಗಳ ಸಹವಾಸವೇ ಸಾಕು. ದೇವರಿಗೆ ಹೆದರುವ ಮನುಷ್ಯ ಒಬ್ಬ, ಸ್ವಾಮಿಗಳಾಗಲಿ, ಪಾದ್ರಿಗಳಾಗಲಿ, ಮೌಲವಿಗಳಾಗಲಿ, ನಗರಕ್ಕೆ ಯಜಮಾನನಾಗಿ ನಿಂತರೆ ಎಷ್ಟು ಚೆನ್ನಾಗಿತ್ತು!" ಹೀಗೆ ಹೇಳಿದವರು ಹೆಚ್ಚಾಗಿ ಹಿರಿಯರು, ಗದಗು, ಬಾಗಲಕೋಟೆ, ಶಿವಮೊಗ್ಗಗಳಿಂದ ಮಕ್ಕಳ ಮನೆಗೆ ಬಂದು ನೆಲೆಸಿದವರು. ಅವರ ಮಾತನ್ನು ನಕ್ಕು ತೇಲಿಸಿಬಿಡುವುದು ಸುಲಭ. ಆದರೆ ಇದು ಬರಿಯ ಮಾತಲ್ಲ. ಲೋಕದ ದೊಡ್ಡ ನಗರಗಳಲ್ಲಿ ನಿಜವಾಗಿಯೂ ನಡೆದಿರುವ ಸಂಗತಿ. ಪಾದ್ರಿಗಳು ಮೇಯರ್ ಪದವಿಗೆ ನಿಂತಿದ್ದಾರೆ, ಗೆದ್ದಿದ್ದಾರೆ, ನಗರವನ್ನು ಆಳಿದ್ದಾರೆ. ಏನಾಯಿತೆಂದು ನೋಡಿದರೆ ತಪ್ಪಿಲ್ಲ.

ಮೊದಲಿಗೆ ಒಂದು ವ್ಯತ್ಯಾಸವನ್ನು ಹೇಳಿಬಿಡಬೇಕು. ನಮ್ಮ ನಗರದಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುವುದಿಲ್ಲ. ಪಾಲಿಕೆಗೆ ೧೨೮ ಸ್ಥಾನಗಳು, ೩೨ ಪ್ರಭಾಗಗಳು, ಪ್ರಭಾಗಕ್ಕೆ ನಾಲ್ವರು. ನಾವು ಯಂತ್ರದ ಗುಂಡಿಯನ್ನು ನಾಲ್ಕು ಸಲ ಒತ್ತಿ ಬಂದದ್ದು ಈ ನಗರಸೇವಕರಿಗಾಗಿ. ಅವರೆಲ್ಲ ಸೇರಿ ತಮ್ಮಲ್ಲಿ ಒಬ್ಬರನ್ನು ಎರಡೂವರೆ ವರ್ಷದ ಮಟ್ಟಿಗೆ ಮಹಾಪೌರರನ್ನಾಗಿ ಮಾಡುತ್ತಾರೆ. ಆ ಪದವಿ ಯಾವ ವರ್ಗದವರಿಗೆ ಎಂಬುದನ್ನು ಮೊದಲೇ ಚೀಟಿ ಎತ್ತಿ ಗೊತ್ತುಮಾಡಿರುತ್ತದೆ. ಆಡಳಿತದ ನಿಜವಾದ ಅಧಿಕಾರವಾದರೋ ಸರಕಾರ ಕಳುಹಿಸಿದ ಆಯುಕ್ತರದು. ನಮ್ಮ ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರುಗಳಲ್ಲಂತೂ ಮೇಯರಿನ ಅವಧಿ ಒಂದೇ ವರ್ಷ. ಹಾರ ಹಾಕಿಸಿಕೊಂಡು, ಗೌನು ತೊಟ್ಟು, ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬರ ಸರದಿ ಬಂದಿರುತ್ತದೆ.

ಬ್ರೆಜಿಲ್ ದೇಶದಲ್ಲಿ ಹಾಗಲ್ಲ. ಅಮೆರಿಕದ ಅನೇಕ ನಗರಗಳಲ್ಲಿಯೂ ಹಾಗಲ್ಲ. ಅಲ್ಲಿ ಊರಿಗೆ ಊರೇ ಮತ ಹಾಕಿ ಮೇಯರನ್ನು ಆರಿಸುತ್ತದೆ. ಆಸ್ಪತ್ರೆ, ಶಾಲೆ, ರಸ್ತೆ, ಹಣಕಾಸು ಎಲ್ಲಕ್ಕೂ ಆತನೇ ಹೊಣೆ. ಅಂಥ ಪದವಿಗೆ ಧರ್ಮೋಪದೇಶಕರೊಬ್ಬರು ನಿಲ್ಲುವುದೆಂದರೆ ಅದು ಹಾರದ ಮಾತಲ್ಲ, ಅಧಿಕಾರದ ಮಾತು.

ಈಚಿನ ಮತ್ತು ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ ಉದಾಹರಣೆ ರಿಯೊ ದ ಜನೈರೊ ನಗರದ್ದು. ಅರವತ್ತು ಲಕ್ಷಕ್ಕೆ ಮಿಕ್ಕ ಜನರಿರುವ, ಕಡಲತಡಿಯ, ಕಾರ್ನಿವಾಲ್ ಹಬ್ಬದ ಊರು. ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಕ್ರಿಸ್ತನ ಮೂರ್ತಿಯ ಚಿತ್ರವನ್ನು ನಮ್ಮ ಮಕ್ಕಳೂ ಕಂಡಿದ್ದಾರೆ. ಆ ಊರಿನಲ್ಲಿ ೧೯೭೭ರಲ್ಲಿ ಎದಿರ್ ಮಸೆದೊ ಎಂಬವರು 'ದೇವರ ರಾಜ್ಯದ ವಿಶ್ವ ಸಭೆ' ಎಂಬರ್ಥದ ಹೆಸರಿನ ಪಂಥವೊಂದನ್ನು ಸ್ಥಾಪಿಸಿದರು. ಮುಂದೆ ಅದು ಹತ್ತಾರು ದೇಶಗಳಿಗೆ ಹರಡಿತು. ಮಸೆದೊ ದೂರದರ್ಶನದ ಒಂದು ದೊಡ್ಡ ವಾಹಿನಿಗೂ ಒಡೆಯರಾದರು. ಅವರ ಸೋದರಳಿಯ ಮಾರ್ಸೆಲೊ ಕ್ರಿವೆಲ್ಲಾ ಅದೇ ಪಂಥದಲ್ಲಿ ಪಾದ್ರಿಯಾಗಿ, ಬಿಷಪ್ ಪದವಿಗೆ ಏರಿದವರು. ಹುಟ್ಟಿದ್ದು ೧೯೫೭ರಲ್ಲಿ, ಓದಿದ್ದು ಇಂಜಿನಿಯರಿಂಗ್. ಸುಮಾರು ಹತ್ತು ವರ್ಷ ಆಫ್ರಿಕದಲ್ಲಿ ಧರ್ಮಪ್ರಚಾರ ಮಾಡಿದರು. ಕಂಠ ಚೆನ್ನಾಗಿತ್ತು; ಭಕ್ತಿಗೀತೆಗಳನ್ನು ಹಾಡಿ ಧ್ವನಿಮುದ್ರಿಕೆಗಳಿಂದಲೂ ಹೆಸರಾದರು. ಅವುಗಳಿಂದ ಬಂದ ಹಣದಿಂದ ಬಾಯಿಯಾ ಪ್ರಾಂತದ ಒಣಭೂಮಿಗೆ ನೀರು ಹಾಯಿಸಿ ಒಂದು ಬೇಸಾಯದ ನೆಲೆಯನ್ನು ಕಟ್ಟಿಸಿದರು. ಬಯಲುಸೀಮೆಯ ನಮಗೆ ಇಂಥ ಕೆಲಸದ ಬೆಲೆ ಗೊತ್ತು. ಅದನ್ನು ಮೊದಲೇ ಹೇಳುವುದು ನ್ಯಾಯ.

ಕ್ರಿವೆಲ್ಲಾ ಒಂದೇ ಹಾರಿಗೆ ಮೇಯರ್ ಆದವರಲ್ಲ. ೨೦೦೨ರಲ್ಲಿ ಸೆನೆಟಿಗೆ ಆರಿಸಿ ಬಂದರು. ೨೦೦೪ರಲ್ಲಿ ಮೇಯರ್ ಪದವಿಗೆ ನಿಂತು ಸೋತರು. ೨೦೦೮ರಲ್ಲಿ ಮತ್ತೆ ಸೋತರು. ನಡುವೆ, ಅನಂತರ ಎರಡು ಸಲ ಪ್ರಾಂತದ ಗವರ್ನರ್ ಪದವಿಗೂ ನಿಂತು ಸೋತರು. ಕಾರಣ ಒಂದೇ. ಪಂಥದವರ ಮತಗಳು ಗಂಟಾಗಿ ಬೀಳುತ್ತಿದ್ದವು. ಉಳಿದವರು ಅಷ್ಟೇ ಗಂಟಾಗಿ ದೂರ ನಿಲ್ಲುತ್ತಿದ್ದರು. ಕಡೆಗೆ ೨೦೧೬ರಲ್ಲಿ ಕಾಲ ಕೂಡಿಬಂತು. ಒಲಿಂಪಿಕ್ಸ್ ಆಗತಾನೆ ಮುಗಿದಿತ್ತು, ಬೊಕ್ಕಸ ಬರಿದಾಗಿತ್ತು, ಹಳೆಯ ಪಕ್ಷಗಳ ಮೇಲೆ ಜನ ಬೇಸತ್ತಿದ್ದರು. "ಜನರನ್ನು ನೋಡಿಕೊಳ್ಳುವುದು" ಎಂಬುದೇ ಕ್ರಿವೆಲ್ಲಾ ಅವರ ಘೋಷಣೆ. ಧರ್ಮವನ್ನೂ ರಾಜಕೀಯವನ್ನೂ ಬೆರೆಸುವುದಿಲ್ಲವೆಂದು ಮಾತು ಕೊಟ್ಟರು. ಆಫ್ರಿಕದಲ್ಲಿದ್ದಾಗ ಬರೆದ ಪುಸ್ತಕವೊಂದರಲ್ಲಿ ಇತರ ಮತಗಳನ್ನು ಹೀಗಳೆದ ಮಾತುಗಳಿದ್ದುದು ಚುನಾವಣೆಯ ಹೊತ್ತಿಗೆ ಹೊರಬಿದ್ದಾಗ, ಅದು ಎಳೆತನದ ಬರಹವೆಂದು ಕ್ಷಮೆ ಕೇಳಿದರು. ಅಕ್ಟೋಬರ್ ೩೦ರಂದು ನಡೆದ ಎರಡನೆಯ ಸುತ್ತಿನಲ್ಲಿ ನೂರಕ್ಕೆ ಸುಮಾರು ೫೯ರಷ್ಟು ಮತ ಪಡೆದು, ಎಡಪಂಥದ ಮಾರ್ಸೆಲೊ ಫ್ರೇಶೊ ಅವರನ್ನು ಸೋಲಿಸಿದರು.

ಆ ಲೆಕ್ಕದಲ್ಲಿ ಅಡಗಿದ ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಕ್ರಿವೆಲ್ಲಾ ಅವರಿಗೆ ಬಿದ್ದ ಮತಗಳು ಸುಮಾರು ೧೭ ಲಕ್ಷ. ಮತಗಟ್ಟೆಗೇ ಬಾರದವರು, ಬಂದೂ ಯಾರಿಗೂ ಹಾಕದವರು, ಮತವನ್ನು ಕೆಡಿಸಿದವರು ಎಲ್ಲ ಸೇರಿದರೆ ೨೦ ಲಕ್ಷ ಮೀರುತ್ತಿದ್ದರು. ಮತದಾನ ಕಡ್ಡಾಯವಾಗಿರುವ ದೇಶದಲ್ಲಿ ಈ ಸ್ಥಿತಿ! ಮನೆಯಲ್ಲಿ ಕುಳಿತವರೇ ಮೇಯರನ್ನು ಆರಿಸಿದರೆಂದರೆ ಅತಿಶಯೋಕ್ತಿಯಲ್ಲ.

ಅಧಿಕಾರಕ್ಕೆ ಬಂದ ಮೊದಲ ವರ್ಷವೇ ಕಾರ್ನಿವಾಲ್ ಬಂತು. ನಗರದ ಬೀಗದಕೈಯನ್ನು ಮೇಯರ್ ತಮ್ಮ ಕೈಯಾರೆ ಹಬ್ಬದ ವೇಷದ ರಾಜನಿಗೆ ಒಪ್ಪಿಸುವುದು ಅಲ್ಲಿನ ವಾಡಿಕೆ. ದಸರೆಯ ದಿನ ಮೈಸೂರಿನ ಮೇಯರ್ ಮೆರವಣಿಗೆಗೆ ಬರಲೊಲ್ಲೆನೆಂದರೆ ಹೇಗಿರುತ್ತದೋ ಊಹಿಸಿಕೊಳ್ಳಿ. ಕ್ರಿವೆಲ್ಲಾ ಬರಲಿಲ್ಲ. ಬಳಿಕ ಸಾಂಬಾ ಕುಣಿತದ ಶಾಲೆಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ಅರ್ಧಕ್ಕೆ ಇಳಿಸಿ, ಆ ಹಣ ಶಿಶುವಿಹಾರದ ಮಕ್ಕಳಿಗೆಂದರು. ಹಣವಿಲ್ಲದ ಮನೆಯಲ್ಲಿ ಹಬ್ಬದ ಖರ್ಚು ಕಡಿಮೆ ಮಾಡುವುದನ್ನು ನಾವು ತಪ್ಪೆನ್ನಲಾರೆವು. ಗೃಹಿಣಿಯರು ನಮ್ಮ ಪಕ್ಷವನ್ನೇ ಹಿಡಿದಾರು. ಆದರೆ ಉಳಿತಾಯಕ್ಕಾಗಿ ಮಾಡಿದ್ದೋ, ಹಬ್ಬ ತಮ್ಮ ಪಂಥಕ್ಕೆ ಸಲ್ಲದ್ದೆಂದು ಮಾಡಿದ್ದೋ ಎಂಬ ಸಂದೇಹ ಒಮ್ಮೆ ಹುಟ್ಟಿದರೆ ಮತ್ತೆ ಹೋಗುವುದಿಲ್ಲ. ಧರ್ಮಪೀಠದಿಂದ ಬಂದವರಿಗೆ ಈ ಒಂದು ತೊಂದರೆ ಕೊನೆಯತನಕ ಇರುತ್ತದೆ. ಬೇರೆಯವರು ಮಾಡಿದರೆ ಬರಿಯ ಜಮಾಖರ್ಚು ಎನಿಸುವ ಕೆಲಸ, ಇವರು ಮಾಡಿದರೆ ಉಪದೇಶವೆನಿಸುತ್ತದೆ.

ಅಸಲು ಪೆಟ್ಟು ಬಿದ್ದದ್ದು ೨೦೧೮ರ ಜುಲೈಯಲ್ಲಿ. ಮೇಯರರ ಅಧಿಕೃತ ಭವನದಲ್ಲಿ, ದಿನಚರಿಯಲ್ಲಿ ನಮೂದಿಸದ ಒಂದು ಸಭೆ ಸೇರಿತು. ಬಂದವರು ಸುಮಾರು ೨೫೦ ಮಂದಿ ಪಾದ್ರಿಗಳು ಮತ್ತು ಸಭೆಗಳ ಮುಖಂಡರು. ನಗರದ ಆಸ್ಪತ್ರೆಗಳಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಡವರು ಹೆಸರು ಬರೆಸಿ ಕಾದಿದ್ದ ಕಾಲ ಅದು. ಮೇಯರರು ತಮ್ಮ ಅತಿಥಿಗಳಿಗೆ ಹೇಳಿದರು: ನಿಮ್ಮ ಸಭೆಯಲ್ಲಿ ಕಣ್ಣಿನ ಪೊರೆಯವರಿದ್ದರೆ, ಕಾಲಿನ ನರ ಉಬ್ಬಿದವರಿದ್ದರೆ, ಮಾರ್ಸಿಯಾಗೆ ತಿಳಿಸಿ. ಮಾರ್ಸಿಯಾ ಎಂದರೆ ಪಾಲಿಕೆಯ ಒಬ್ಬ ನೌಕರಳು. ಇಗರ್ಜಿಗಳ ಮನೆತೆರಿಗೆಯ ವಿಷಯದಲ್ಲಿ ತೊಡಕಿದ್ದರೆ ಅದಕ್ಕೂ ಇಂಥವರನ್ನು ಕಾಣಿ ಎಂದರು. ಸಭೆಯಲ್ಲಿ ಪತ್ರಕರ್ತರೂ ಇದ್ದುದು ಅವರಿಗೆ ಗೊತ್ತಿರಲಿಲ್ಲ. ಧ್ವನಿಮುದ್ರಣ ಪತ್ರಿಕೆಯಲ್ಲಿ ಅಚ್ಚಾಯಿತು.

"ಮಾರ್ಸಿಯಾಗೆ ಹೇಳಿ" ಎಂಬ ಮಾತು ಇಡೀ ನಗರದಲ್ಲಿ ಗಾದೆಯಂತೆ ಹಬ್ಬಿತು. ಇದ್ದ ಯೋಜನೆಯ ವಿವರವನ್ನು ತಿಳಿಸಿದೆನೇ ಹೊರತು ಬೇರೇನೂ ಅಲ್ಲವೆಂದು ಮೇಯರರು ಸಮಾಧಾನ ಹೇಳಿದರು. ನ್ಯಾಯಾಧೀಶರೊಬ್ಬರು, ನಗರದ ಆಡಳಿತಯಂತ್ರವನ್ನು ಒಂದು ಧಾರ್ಮಿಕ ಗುಂಪಿನ ಹಿತಕ್ಕೆ ಬಳಸಕೂಡದೆಂದು ಆಜ್ಞೆ ಮಾಡಿದರು. ಮೇಯರರನ್ನು ಕೆಳಗಿಳಿಸುವ ಪ್ರಯತ್ನ ನಗರಸಭೆಯಲ್ಲಿ ನಡೆದು ಬಿದ್ದುಹೋಯಿತು. ಆದರೆ ಸಾಲಿನಲ್ಲಿ ಕುಳಿತ ಮುದುಕಿಯ ಮನಸ್ಸಿಗೆ ನಾಟಿದ್ದು ನಾಟಿತು. ಆಕೆ ಬೇರೆ ಇಗರ್ಜಿಗೆ ಹೋಗುವವಳಿರಬಹುದು, ಎಲ್ಲಿಗೂ ಹೋಗದವಳೂ ಇರಬಹುದು. ಕಣ್ಣಿನ ಪೊರೆಗೆ ಪಂಥವಿಲ್ಲ.

ಉಳಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇವೆ. ೨೦೧೯ರಲ್ಲಿ ಪುಸ್ತಕ ಪ್ರದರ್ಶನದಲ್ಲಿದ್ದ ಒಂದು ಚಿತ್ರಕಥೆಯ ಪುಸ್ತಕವನ್ನು, ಅದರಲ್ಲಿ ಇಬ್ಬರು ಗಂಡಸರು ಮುತ್ತಿಡುವ ಚಿತ್ರವಿದೆಯೆಂದು, ತೆಗೆಸಲು ಹೊರಟರು. ಸರ್ವೋಚ್ಚ ನ್ಯಾಯಾಲಯ ತಡೆಯಿತು. ೨೦೨೦ರಲ್ಲಿ, ಪಿಡುಗಿನ ಆ ಕೆಟ್ಟ ವರ್ಷದಲ್ಲಿ, ಆಸ್ಪತ್ರೆಗಳ ಬಾಗಿಲಲ್ಲಿ ಪಾಲಿಕೆಯ ಸಂಬಳದ ಜನರನ್ನು ನಿಲ್ಲಿಸಿ, ರೋಗಿಗಳು ಪತ್ರಕರ್ತರ ಮುಂದೆ ದೂರು ಹೇಳದಂತೆ ಗದ್ದಲವೆಬ್ಬಿಸುತ್ತಿದ್ದುದು ದೂರದರ್ಶನದಲ್ಲಿ ಬಯಲಾಯಿತು. ಆ ವರ್ಷದ ನವೆಂಬರ್ ೨೯ರಂದು ಎದುವಾರ್ದೊ ಪಾಯೆಸ್ ಅವರ ಎದುರು ಕ್ರಿವೆಲ್ಲಾ ಭಾರೀ ಅಂತರದಿಂದ ಸೋತರು. ನೂರಕ್ಕೆ ೩೬ ಮತಗಳೂ ಪೂರ್ತಿ ಬರಲಿಲ್ಲ. ಅವಧಿ ಮುಗಿಯಲು ಒಂಬತ್ತು ದಿನವಿರುವಾಗ, ಡಿಸೆಂಬರ್ ೨೨ರಂದು, ಲಂಚದ ಆರೋಪದ ಮೇಲೆ ಪೊಲೀಸರು ಅವರನ್ನು ಬಂಧಿಸಿದರು. ಆರೋಪವನ್ನು ಅವರು ಒಪ್ಪಲಿಲ್ಲ. ಅದೇ ರಾತ್ರಿ ಮೇಲಿನ ನ್ಯಾಯಾಲಯ ಗೃಹಬಂಧನಕ್ಕೆ ಬದಲಾಯಿಸಿತು. ೨೦೨೨ರಲ್ಲಿ ಅವರು ಮತ್ತೆ ಸ್ಪರ್ಧಿಸಿ ದೇಶದ ಸಂಸತ್ತಿಗೆ ಆರಿಸಿ ಬಂದರು. ತಮ್ಮವರು ತಮ್ಮವರನ್ನು ಬಿಟ್ಟುಕೊಡುವುದಿಲ್ಲ, ನೋಡಿ.

ವಾಚಕರು ಇಲ್ಲಿ ಕೇಳಬಹುದು: ಸಾವಿರಾರು ಮೈಲು ದೂರದ ಆ ಊರಿನ ಗೋಜು ವಾಕಡದ ಕನ್ನಡ ಸಂಸಾರಗಳಿಗೆ ಏತಕ್ಕೆ? ಕಾರಣವಿದೆ. ಮಾರ್ಸಿಯಾ ನಮ್ಮ ಮನಸ್ಸಿನಲ್ಲೂ ಇದ್ದಾಳೆ.

೧೯೯೭ರಲ್ಲಿ ವಾಕಡ ಗ್ರಾಮ ಪಾಲಿಕೆಗೆ ಸೇರಿತು. ಹಿಂಜವಡಿಯ ಕಂಪನಿಗಳು ಬೆಳೆದಂತೆ ಹೊಲಗಳೆಲ್ಲ ಬಹುಮಹಡಿ ಕಟ್ಟಡಗಳಾದವು, ನಾವೂ ಬಂದು ಸೇರಿದೆವು. ೨೦೧೯ರ ಕೊನೆಯಿಂದ ನಗರಕ್ಕೆ ದಿನ ಬಿಟ್ಟು ದಿನ ನೀರು ಎಂಬ ಏರ್ಪಾಟು ಬಂತು. ಬೇಸಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವುದು ಇಲ್ಲಿನ ಸೊಸೈಟಿಗಳಿಗೆ ಹೊಸದಲ್ಲ. ಪರಊರಿನಲ್ಲಿ ಬದುಕುವವರಿಗೆ ಇಂಥ ಹೊತ್ತಿನಲ್ಲಿ ಮೊದಲು ನೆನಪಾಗುವುದು ನಿಯಮವಲ್ಲ, ಪರಿಚಯ. 'ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?' ಎಂಬುದು ನಮ್ಮ ಮೊದಲ ಪ್ರಶ್ನೆ. ಆಸ್ಪತ್ರೆಯಲ್ಲಿ ನಮ್ಮವರು, ಶಾಲೆಯ ಪ್ರವೇಶಕ್ಕೆ ನಮ್ಮವರು, ವಾರ್ಡ್ ಕಚೇರಿಯಲ್ಲಿ ನಮ್ಮವರು. ಕನ್ನಡದಲ್ಲಿ ಒಂದು ಮಾತು ಕೇಳಿದರೆ ಸಾಕು, ಅರ್ಧ ಕೆಲಸ ಆದಂತೆ ಎನಿಸುತ್ತದೆ. ಇದರಲ್ಲಿ ನಾಚುವಂಥದ್ದೇನೂ ಇಲ್ಲ. ಊರು ಬಿಟ್ಟವರ ಸಹಜ ದಿಗಿಲು ಇದು.

ಚುನಾವಣೆಗೆ ಮುಂಚೆ ನಮ್ಮವರು ನಾಲ್ಕಾರು ಮಂದಿ ಸೇರಿದ್ದಾಗ ಹಿರಿಯರೊಬ್ಬರು, ಈ ಭಾಗದ ಕನ್ನಡಿಗರೆಲ್ಲ ಗಂಟಾಗಿ ಒಬ್ಬರಿಗೇ ಮತ ಹಾಕಿದರೆ ಆ ನಗರಸೇವಕರು ನಾಳೆ ನಮ್ಮ ಮಾತು ಮೀರಲಾರರು ಎಂದರು. ಹಲವರು ತಲೆದೂಗಿದರು. ಆಗ ಒಬ್ಬ ಸೋದರಿ, ಹಿಂಜವಡಿಯಲ್ಲಿ ಕೆಲಸ ಮಾಡುವವರು, ಮೆಲ್ಲನೆ ಕೇಳಿದರು: "ಅಣ್ಣಾವ್ರೇ, ಅವರು ನಮ್ಮ ಸೊಸೈಟಿಗೆ ಮೊದಲು ಟ್ಯಾಂಕರ್ ಕಳಿಸಿದರು ಅಂತಿಟ್ಟುಕೊಳ್ಳಿ. ಅದು ಯಾರ ಸೊಸೈಟಿಗೆ ಹೋಗಬೇಕಿದ್ದ ಟ್ಯಾಂಕರು?" ಹಿರಿಯರು ನಕ್ಕರು, ಸಿಟ್ಟಾಗಲಿಲ್ಲ. "ಅವರೂ ಹಾಗೇ ಮಾಡ್ತಾರಲ್ಲಮ್ಮ" ಎಂದರು. ಅದೂ ಸುಳ್ಳಲ್ಲ. ಚರ್ಚೆ ಅಲ್ಲಿಗೇ ನಿಂತಿತು, ನಿರ್ಣಯವೇನೂ ಆಗಲಿಲ್ಲ, ಚಹಾ ಬಂತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಪಾದ್ರಿಗಳಾಗಲಿ ಸ್ವಾಮಿಗಳಾಗಲಿ ಚುನಾವಣೆಗೆ ನಿಲ್ಲಬಾರದೆಂದು ಎಲ್ಲಿಯೂ ಹೇಳಿಲ್ಲ. ಉತ್ತರ ಪ್ರದೇಶದಲ್ಲಿ ಗೋರಖನಾಥ ಮಠದ ಪೀಠಾಧಿಪತಿಗಳು ೨೦೧೭ರಲ್ಲಿ ಮುಖ್ಯಮಂತ್ರಿಗಳಾದರು. ನಮ್ಮ ಧಾರವಾಡದಲ್ಲಿಯೇ ೨೦೨೪ರ ಲೋಕಸಭಾ ಚುನಾವಣೆಗೆ ಶಿರಹಟ್ಟಿಯ ದಿಂಗಾಲೇಶ್ವರ ಸ್ವಾಮಿಗಳು ನಾಮಪತ್ರ ಸಲ್ಲಿಸಿ, ಅನಂತರ ಹಿಂತೆಗೆದುಕೊಂಡರು. ಅಮೆರಿಕದ ಟೆನೆಸೀ ಸಂಸ್ಥಾನದಲ್ಲಿ ಪಾದ್ರಿಗಳು ಶಾಸಕರಾಗಬಾರದೆಂಬ ಹಳೆಯ ನಿಷೇಧವಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೭೮ರಲ್ಲಿ ಅದನ್ನು ತೆಗೆದುಹಾಕಿತು. ಹಾಗೆ ನೋಡಿದರೆ ಕಟ್ಟುಪಾಡು ಬಿಗಿಯಾಗಿರುವುದು ಕೆಥೊಲಿಕ್ ಧರ್ಮಸಭೆಯಲ್ಲಿಯೇ. ಗುರುಗಳು ಸರಕಾರದ ಅಧಿಕಾರಸ್ಥಾನಗಳನ್ನು ಒಪ್ಪಿಕೊಳ್ಳಬಾರದೆಂದು ೧೯೮೩ರ ಅದರ ಸಂಹಿತೆ ವಿಧಿಸುತ್ತದೆ. ಅದಕ್ಕೂ ಮೊದಲೇ, ಹತ್ತು ವರ್ಷ ಅಮೆರಿಕದ ಕಾಂಗ್ರೆಸಿನಲ್ಲಿದ್ದ ಜೆಸುಯಿಟ್ ಪಾದ್ರಿ ರಾಬರ್ಟ್ ಡ್ರೈನನ್, ಪೋಪರ ಆಜ್ಞೆಗೆ ತಲೆಬಾಗಿ ೧೯೮೦ರಲ್ಲಿ ಮತ್ತೆ ಸ್ಪರ್ಧಿಸದೆ ಉಳಿದರು.

ನಮ್ಮ ಕಾನೂನು ತಡೆಯುವುದು ನಿಲ್ಲುವುದನ್ನಲ್ಲ, ಕೇಳುವ ಬಗೆಯನ್ನು. ಲೋಕಸಭೆ, ವಿಧಾನಸಭೆಗಳ ಚುನಾವಣೆಗೆ ಸಂಬಂಧಿಸಿದ ೧೯೫೧ರ ಕಾಯಿದೆಯಲ್ಲಿ, ಮತ ಹಾಕದಿದ್ದರೆ ದೇವರು ಮುನಿದಾನೆಂದು ಮತದಾರನನ್ನು ನಂಬಿಸುವುದೂ ಭ್ರಷ್ಟಾಚಾರವೇ. ೨೦೧೭ರ ಜನವರಿ ೨ರಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರ ಪೀಠ, ಮುಂಬಯಿಯ ಸಾಂತಾಕ್ರೂಜ್ ಕ್ಷೇತ್ರದ ಹಳೆಯ ಮೊಕದ್ದಮೆಯೊಂದರಲ್ಲಿ, ನಾಲ್ವರ ಬಹುಮತದಿಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಭ್ಯರ್ಥಿಯದಾಗಲಿ, ಮತದಾರನದಾಗಲಿ, ಮತ, ಜಾತಿ, ಭಾಷೆಗಳ ಹೆಸರಿನಲ್ಲಿ ಓಟು ಕೇಳಕೂಡದು ಎಂದಿತು. ಭಾಷೆ ಎಂಬ ಮಾತನ್ನು ನಾವು ಎರಡು ಸಲ ಓದಿದೆವು. ಉಳಿದ ಮೂವರು ನ್ಯಾಯಾಧೀಶರ ಅಭಿಪ್ರಾಯ ಬೇರೆಯಾಗಿತ್ತು: ಹಿಂದುಳಿದ ಗುಂಪಿನ ಜನ ತಮ್ಮ ಕುಂದುಕೊರತೆಯನ್ನು ಹೇಳಿಕೊಳ್ಳುವುದಕ್ಕೂ ಇದರಿಂದ ಬಾಯಿ ಕಟ್ಟಿದಂತಾಗುತ್ತದೆ ಎಂಬುದು ಅವರ ವಾದ. ಎರಡೂ ಕಡೆ ಹುರುಳಿದೆ. ಬೆಳಗಾವಿಯ ಗಡಿಯ ಎರಡೂ ಪಕ್ಕ ಭಾಷೆಯ ಹೆಸರಿನ ಚುನಾವಣೆಗಳನ್ನು ಕಂಡು ಬೆಳೆದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ.

ಧರ್ಮಗುರುಗಳು ಸಾರ್ವಜನಿಕ ಪದವಿಗೆ ಹೋದ ಉದಾಹರಣೆ ನಮ್ಮ ನಾಡಿನಲ್ಲಿಯೇ ಒಂದಿದೆ, ಅದೂ ಪುಣೆಗೆ ಸಂಬಂಧಪಟ್ಟದ್ದು. ಫಾದರ್ ಜೆರೋಮ್ ಡಿಸೋಜಾ ಅವರು ಹುಟ್ಟಿದ್ದು ೧೮೯೭ರಲ್ಲಿ, ಮಂಗಳೂರಿನಲ್ಲಿ. ಜೆಸುಯಿಟ್ ಸಂಘ ಸೇರಿ, ಮದ್ರಾಸಿನ ಲಯೋಲಾ ಕಾಲೇಜಿನ ಪ್ರಿನ್ಸಿಪಾಲರಾದರು. ೧೯೪೬ರಲ್ಲಿ ಮದ್ರಾಸು ಪ್ರಾಂತದಿಂದ ಸಂವಿಧಾನ ಸಭೆಗೆ ಆರಿಸಲ್ಪಟ್ಟರು. ನಿಲುವಂಗಿ ತೊಟ್ಟ ಆ ಗುರುಗಳು ಅಂಬೇಡ್ಕರ್, ಪಟೇಲ್, ನೆಹರೂ ಮೊದಲಾದವರ ನಡುವೆ ಕುಳಿತು ರಾಜ್ಯಾಂಗ ರಚನೆಯಲ್ಲಿ ಪಾಲುಗೊಂಡರು. ಅದೇ ಸಭೆಯಲ್ಲಿ ಶಿಲ್ಲಾಂಗಿನ ಖಾಸಿ ಜನರ ಪಾದ್ರಿ ರೆವರೆಂಡ್ ನಿಕೋಲ್ಸ್ ರಾಯ್ ಅವರೂ ಇದ್ದರು. ಗುಡ್ಡಗಾಡಿನ ಜನರ ಸ್ವಯಮಾಡಳಿತಕ್ಕಾಗಿ ಆರನೆಯ ಅನುಸೂಚಿ ರೂಪುಗೊಳ್ಳುವುದರಲ್ಲಿ ಅವರ ಪಾತ್ರ ದೊಡ್ಡದು.

ಆ ಸಭೆಯ ಮುಂದೆ ೧೯೪೯ರಲ್ಲಿ ಒಂದು ಕಠಿನವಾದ ಪ್ರಶ್ನೆ ಬಂತು. ಮತೀಯ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು ಇರಬೇಕೇ, ಬೇಡವೇ? ಮೊದಲು ಇರಲೆಂದು ತೀರ್ಮಾನವಾಗಿತ್ತು. ಬೇಡವೆಂದು ಮುಂದೆ ಬಂದವರಲ್ಲಿ ಮೊದಲಿಗರು ಕ್ರೈಸ್ತರೇ ಆದ ಹರೇಂದ್ರ ಕುಮಾರ್ ಮುಖರ್ಜಿ, ಸಂವಿಧಾನ ಸಭೆಯ ಉಪಾಧ್ಯಕ್ಷರು. ಹೀಗೆ ಕ್ರೈಸ್ತರು ತಮಗೆಂದು ಇಟ್ಟಿದ್ದ ಸ್ಥಾನಗಳನ್ನು ಬಿಟ್ಟುಕೊಟ್ಟು ಎಲ್ಲರೊಡನೆ ಒಂದೇ ಪಟ್ಟಿಯಲ್ಲಿ ನಿಂತರು. ತಮ್ಮವರಿಗಾಗಿ ತೆರೆದಿದ್ದ ಬಾಗಿಲನ್ನು ತಮ್ಮ ಕೈಯಿಂದಲೇ ಮುಚ್ಚುವುದು ಎಷ್ಟು ಕಷ್ಟ! ಅದರಿಂದ ನಷ್ಟವಾಯಿತೆಂದು ಹೇಳುವವರೂ ಇದ್ದಾರೆ; ಅವರ ಲೆಕ್ಕವನ್ನೂ ತಳ್ಳಿಹಾಕುವಂತಿಲ್ಲ. ಫಾದರ್ ಜೆರೋಮ್ ಮುಂದೆ ೧೯೫೧ರಲ್ಲಿ ಇಲ್ಲಿಯೇ ಪುಣೆಯಲ್ಲಿ, ಸಮಾಜದ ಅಭ್ಯಾಸಕ್ಕೂ ಕಾರ್ಯಕರ್ತರ ತರಬೇತಿಗೂ ಒಂದು ಸಂಸ್ಥೆಯನ್ನು ಕಟ್ಟಿದರು. ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನ ಆ ಸಂಸ್ಥೆ ೧೯೬೩ರಲ್ಲಿ ದಿಲ್ಲಿಗೆ ಹೋಯಿತು. ವಿಶ್ವಸಂಸ್ಥೆಯ ಅಧಿವೇಶನಗಳಿಗೆ ಭಾರತದ ಪ್ರತಿನಿಧಿಯಾಗಿಯೂ ಹೋಗಿಬಂದ ಅವರು ೧೯೭೭ರಲ್ಲಿ ತೀರಿಕೊಂಡರು. ಮೇಯರ್ ಪದವಿಗೆ ಅವರು ನಿಂತವರಲ್ಲ. ಆದರೂ ವಾಕಡದಲ್ಲಿರುವ ನಮ್ಮ ಮಂಗಳೂರಿನ ಸಂಸಾರಗಳು ಅವರ ಹೆಸರನ್ನು ಮಕ್ಕಳಿಗೆ ಹೇಳಬೇಕಾದದ್ದೇ.

ಇನ್ನು ಅಮೆರಿಕದ ಪಾದ್ರಿಯೊಬ್ಬರ ಸಂಗತಿ. ಕ್ರಿವೆಲ್ಲಾ ಅವರ ಕಥೆಯನ್ನು ಮಾತ್ರ ಕೇಳಿ, ಪಾದ್ರಿಗಳೆಲ್ಲ ಹಾಗೆಯೇ ಎಂದು ಯಾರೂ ತಿಳಿಯಬಾರದು. ಆಂಡ್ರ್ಯೂ ಯಂಗ್ ಅವರು ೧೯೩೨ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹುಟ್ಟಿದ ಕರಿಯ ಜನಾಂಗದವರು, ತಂದೆ ದಂತವೈದ್ಯರು. ೧೯೫೫ರಲ್ಲಿ ದೀಕ್ಷೆ ಪಡೆದು ಜಾರ್ಜಿಯಾ ಸಂಸ್ಥಾನದ ಥಾಮಸ್‌ವಿಲ್ ಎಂಬ ಸಣ್ಣ ಊರಿನ ಸಭಾಪಾಲಕರಾದರು. ಅನಂತರ ಮಾರ್ಟಿನ್ ಲೂಥರ್ ಕಿಂಗ್ ಅವರ ಬಲಗೈಯಂತೆ ದುಡಿದರು. ೧೯೬೮ರ ಏಪ್ರಿಲ್ ೪ರಂದು ಮೆಂಫಿಸ್‌ನಲ್ಲಿ ಕಿಂಗ್ ಗುಂಡಿಗೆ ಬಲಿಯಾದಾಗ ಅಲ್ಲಿಯೇ ಇದ್ದರು. ೧೯೭೦ರಲ್ಲಿ ಕಾಂಗ್ರೆಸಿಗೆ ನಿಂತು ಸೋತು, ೧೯೭೨ರಲ್ಲಿ ಗೆದ್ದರು. ೧೯೭೭ರಿಂದ ಎರಡು ವರ್ಷ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು.

೧೯೮೧ರಲ್ಲಿ ಅವರು ಅಟ್ಲಾಂಟಾ ನಗರದ ಮೇಯರ್ ಪದವಿಗೆ ನಿಂತಾಗ ಊರು ಬಣ್ಣದಿಂದ ಎರಡು ಪಾಲಾಗಿತ್ತು. ಕರಿಯರ ಮಕ್ಕಳ ಸರಣಿ ಕೊಲೆಗಳಿಂದ ತಾಯಂದಿರು ಬೆಚ್ಚಿದ್ದ ಕಾಲ. ಎದುರಾಳಿ ಸಿಡ್ನಿ ಮಾರ್ಕಸ್ ಬಿಳಿಯರು, ಸಂಸ್ಥಾನದ ಶಾಸಕರು. ಬಿಳಿಯರ ಮತ ಬಹುಪಾಲು ಒಂದು ಕಡೆ, ಕರಿಯರದು ಬಹುಪಾಲು ಇನ್ನೊಂದು ಕಡೆ. ಅಂತಿಮ ಸುತ್ತಿನಲ್ಲಿ ನೂರಕ್ಕೆ ೫೫ರಷ್ಟು ಮತ ಪಡೆದು ಯಂಗ್ ಗೆದ್ದರು. ಗೆದ್ದ ಮೇಲೆ ಎದುರು ಪಾಳಯದ ವ್ಯಾಪಾರಸ್ಥರನ್ನೇ ಕರೆದು ಜೊತೆಗೆ ಕೆಲಸ ಮಾಡಿದರು. ಹೊರದೇಶಗಳ ಬಂಡವಾಳ ತರಲು ಓಡಾಡಿದರು. ೧೯೮೫ರಲ್ಲಿ ಭಾರೀ ಬಹುಮತದಿಂದ ಮತ್ತೆ ಆರಿಸಿ ಬಂದರು. ೧೯೯೬ರ ಒಲಿಂಪಿಕ್ಸ್ ಆ ಊರಿಗೆ ಬರುವುದಕ್ಕೆ ಶ್ರಮಿಸಿದವರಲ್ಲಿ ಅವರೂ ಒಬ್ಬರು.

ಅವರ ಮೇಲೆ ದೂರುಗಳೂ ಇದ್ದವು, ಮತ್ತು ಆ ದೂರುಗಳ ಸ್ವರೂಪವೇ ಸ್ವಾರಸ್ಯವಾದದ್ದು. 'ತಮ್ಮವರಿಗೇ ಎಲ್ಲ ಮಾಡಿಕೊಂಡರು' ಎಂದಲ್ಲ. ದೊಡ್ಡ ವ್ಯಾಪಾರಸ್ಥರಿಗೆ ಒಲಿದು ಬಡ ಕರಿಯರ ಕೇರಿಗಳನ್ನು ಮರೆತರು ಎಂದು. ಮೇಯರ್ ಒಬ್ಬರು ತಮ್ಮವರನ್ನೇ ಮರೆತುಬಿಡುವುದೂ ನ್ಯಾಯವಲ್ಲ. ಎಲ್ಲರಿಗೂ ಒಂದೇ ಸಾಲು ಎನ್ನುವವರು, ಆ ಸಾಲಿನ ತೀರ ಕೊನೆಯಲ್ಲಿ ಯಾರು ನಿಂತಿದ್ದಾರೆಂಬುದನ್ನೂ ನೋಡಬೇಕಷ್ಟೆ. ಈ ದೂರಿಗೆ ಯಂಗ್ ಅವರ ಅಭಿಮಾನಿಗಳು ಕೊಡುವ ಉತ್ತರ ನಮಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಊರಿಗೆ ಕೆಲಸ ಬಂದರೆ ಎಲ್ಲರಿಗೂ ಬಂದಂತೆ ಎನ್ನುತ್ತಾರೆ ಅವರು. ಹಿಂಜವಡಿಗೆ ಕೆಲಸ ಬಂದರೂ ಕಟ್ಟಡ ಕಟ್ಟಿದ ಕೂಲಿಯವರ ಶೆಡ್ಡಿಗೆ ನಲ್ಲಿ ಬರಲಿಲ್ಲವೆಂಬುದನ್ನು ನಾವು ದಿನವೂ ಕಾಣುತ್ತೇವೆ. ಅವರಲ್ಲಿ ಯಾದಗಿರಿ, ಕಲಬುರಗಿ ಕಡೆಯ ನಮ್ಮವರೂ ಇದ್ದಾರೆ.

ಆದರೂ ಯಂಗ್ ಅವರ ಬದುಕಿನಲ್ಲಿ ನಮಗೆ ಹೆಚ್ಚು ಮೆಚ್ಚಿಕೆಯಾದದ್ದು ಮೇಯರಗಿರಿಯಲ್ಲ, ಅದಕ್ಕೂ ಬಹಳ ಹಿಂದಿನ ಕೆಲಸ. ಥಾಮಸ್‌ವಿಲ್‌ನ ಎಳೆಯ ಪಾದ್ರಿಯಾಗಿದ್ದಾಗ ಅವರು ಕರಿಯ ಜನರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ ಕೈಹಾಕಿದರು. ಆಗಿನ ಅಮೆರಿಕದ ದಕ್ಷಿಣದ ಸಂಸ್ಥಾನಗಳಲ್ಲಿ ಅದು ಪ್ರಾಣಾಪಾಯದ ಕೆಲಸ. ಪಟ್ಟಿಗೆ ಸೇರಬೇಕಾದರೆ ಓದುಬರಹದ ಪರೀಕ್ಷೆ. ಆ ಪರೀಕ್ಷೆಯನ್ನು ನಡೆಸುವವನೂ ಬಿಳಿಯ ಗುಮಾಸ್ತ. ೧೯೬೧ರಿಂದ ಯಂಗ್, ಸೆಪ್ಟಿಮಾ ಕ್ಲಾರ್ಕ್ ಮತ್ತು ಡೊರೊಥಿ ಕಾಟನ್ ಎಂಬ ಇಬ್ಬರು ಮಹಿಳೆಯರ ಜೊತೆಯಲ್ಲಿ, ಜಾರ್ಜಿಯಾದ ಡಾರ್ಚೆಸ್ಟರ್ ಎಂಬಲ್ಲಿ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟರು. ಬಟ್ಟೆ ಹೊಲಿಯುವವರು, ಕೇಶಾಲಂಕಾರ ಮಾಡುವವರು, ರೈತರು ಅಲ್ಲಿಗೆ ಬಂದು ಕಲಿತು, ತಮ್ಮ ಊರಿಗೆ ಹೋಗಿ ನೆರೆಯವರಿಗೆ ಅಕ್ಷರ ಕಲಿಸಿ, ಹೆಸರು ಬರೆಸಿದರು. ೧೯೬೫ರಲ್ಲಿ ಮತಾಧಿಕಾರದ ಕಾನೂನು ಬಂದ ಮೇಲೆ ಆ ಅಡ್ಡಿಗಳು ಬಿದ್ದವು. ಆ ಹೆಸರುಗಳೆಲ್ಲ ಪಟ್ಟಿಗೆ ಬಾರದೆ ಹೋಗಿದ್ದರೆ ೧೯೮೧ರ ಅಟ್ಲಾಂಟಾದ ಲೆಕ್ಕವೇ ಬೇರೆಯಾಗುತ್ತಿತ್ತು.

ನಮಗೆ ಅಂಥ ಯಾವ ಪರೀಕ್ಷೆಯೂ ಇಲ್ಲ. ಆದರೂ ಈ ಜನವರಿಯಲ್ಲಿ ನಮ್ಮ ಎಷ್ಟೋ ಮನೆಗಳ ಬಾಗಿಲಿಗೆ ಬಂದ ಅಭ್ಯರ್ಥಿಗಳ ಕಡೆಯವರು, ಪಟ್ಟಿಯಲ್ಲಿ ಹೆಸರಿಲ್ಲವೆಂದು ನೋಡಿ ಮುಂದಿನ ಬಾಗಿಲಿಗೆ ನಡೆದರು. ಹತ್ತು ಹದಿನೈದು ವರ್ಷದಿಂದ ಇಲ್ಲಿರುವವರ ಹೆಸರು ಇನ್ನೂ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಉಳಿದಿದೆ. ಕೆಲವರಿಗೆ ಅಲ್ಲಿಂದ ಹೆಸರು ತೆಗೆಸುವುದೆಂದರೆ ಊರಿನ ಕರುಳು ಕತ್ತರಿಸಿದಷ್ಟು ಸಂಕಟ. ಅದು ನಮಗೆ ಅರ್ಥವಾಗುತ್ತದೆ. ಆದರೆ ಎರಡು ಕಡೆ ಹೆಸರಿರಲು ಕಾನೂನಿನಲ್ಲಿ ಎಡೆಯಿಲ್ಲ, ಮತ್ತು ಪಾಲಿಕೆಯ ಚುನಾವಣೆಗೆ ಬಳಸುವುದು ವಿಧಾನಸಭೆಯ ಮತದಾರರ ಪಟ್ಟಿಯನ್ನೇ. ನಲ್ಲಿ, ಚರಂಡಿ, ಶಾಲೆಯ ಗೋಡೆ ಎಲ್ಲವೂ ಇಲ್ಲಿ. ಮತ ಮಾತ್ರ ಅಲ್ಲಿ.

ಹೊಸದಾಗಿ ೧೮ ತುಂಬಿದ ಮಕ್ಕಳಿಗೆ ಬೇಕಾದದ್ದು ನಮೂನೆ ೬. ಊರಿನಿಂದ ಇಲ್ಲಿಗೆ ಹೆಸರು ವರ್ಗಾಯಿಸಬೇಕಾದವರಿಗೆ ನಮೂನೆ ೮. ೧೮ ತುಂಬಿದ್ದನ್ನು ಈಗ ವರ್ಷಕ್ಕೆ ಒಂದೇ ಸಲವಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಖಿಗೆ ಲೆಕ್ಕ ಹಿಡಿಯುತ್ತಾರೆ. ಅರ್ಜಿಯನ್ನು ಮನೆಯಲ್ಲೇ ಕುಳಿತು ಗಣಕಯಂತ್ರದ ಮೂಲಕ ಕಳುಹಿಸಬಹುದು, ಮತಗಟ್ಟೆಯ ಅಧಿಕಾರಿಗಳ ಕೈಗೂ ಕೊಡಬಹುದು. ಹಳೆಯ ಗುರುತಿನ ಚೀಟಿಯ ಸಂಖ್ಯೆಯನ್ನೂ, ಈಗಿನ ವಿಳಾಸ ತೋರಿಸುವ ಒಂದು ಕಾಗದವನ್ನೂ ಹತ್ತಿರ ಇಟ್ಟುಕೊಂಡು ಕುಳಿತರೆ ಕೆಲಸ ಬೇಗ ಮುಗಿಯುತ್ತದೆ.